ತಾನೇ ಹಿಡಿಯುವ ಗುರಿ

ಅಣ್ಣತಮ್ಮಂದಿರು ಜಗಳವಾಡುವುದಕ್ಕೆ ಎಲ್ಲರೂ ಒಪ್ಪುವಂಥ ಕೆಲವು ಮರ್ಯಾದಸ್ಥ ಕಾರಣಗಳಿವೆ. ಹೊಲದ ಬದು, ಮನೆಯ ನಡುಗೋಡೆ, ಹೆಂಡತಿಯರ ಮಾತು. ಇಂಥದ್ದಾದರೆ ಊರಿನ ನಾಲ್ಕು ಜನ ಹಿರಿಯರು ಕಟ್ಟೆಯ ಮೇಲೆ ಕೂತು, ಎರಡೂ ಕಡೆಯವರ ಮಾತು ಕೇಳಿ, ಚಹಾ ಕುಡಿದು ಏನೋ ಒಂದು ತೀರ್ಮಾನ ಹೇಳುತ್ತಾರೆ. ನನಗೂ ನನ್ನ ತಮ್ಮ ತಿಪ್ಪೇಶನಿಗೂ ಇರುವ ಜಗಳ ಇದ್ಯಾವುದಕ್ಕೂ ಸೇರಿದ್ದಲ್ಲ. ವಿಡಿಯೋ ಗೇಮನ್ನು ಕಂಪ್ಯೂಟರಿನಲ್ಲಿ ಆಡಬೇಕೋ, ಟಿ.ವಿ.ಗೆ ಸಿಕ್ಕಿಸುವ ಗೇಮ್ ಡಬ್ಬದಲ್ಲಿ ಆಡಬೇಕೋ ಎನ್ನುವುದು ನಮ್ಮ ಜಗಳ. ಇದನ್ನು ಯಾವ ಕಟ್ಟೆಗೆ ಒಯ್ಯುವುದು? ಒಯ್ದರೆ ಹಿರಿಯರು ಮೊದಲು ನಮ್ಮ ವಯಸ್ಸು ಕೇಳುತ್ತಾರೆ. ನನಗೆ ನಲವತ್ತು ದಾಟಿದೆ, ಅವನಿಗೆ ಮೂವತ್ತೈದು ದಾಟಿದೆ. ಅಲ್ಲಿಗೆ ಪಂಚಾಯ್ತಿ ಮುಗಿದಂತೆ. ಹೀಗಾಗಿ ನಮ್ಮ ನ್ಯಾಯ ಮನೆಯೊಳಗೇ ಉಳಿಯಿತು. ಅದರಲ್ಲಿ ನಾನು ಮಾಡಿದ, ಈಗಲೂ ಪೂರ್ತಿ ಬಿಟ್ಟಿಲ್ಲದ ಒಂದು ಅನ್ಯಾಯ ನನ್ನ ಹೊಟ್ಟೆಯೊಳಗೆ ಉಳಿಯಿತು. ಹೇಳಿಕೊಳ್ಳಬೇಕಾದವನಿಗೆ ಹೇಳಿ ನೋಡಿದೆ, ಪ್ರಯೋಜನವಾಗಲಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ನಾವು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು. ಮನೆಮಾತು ತೆಲುಗು, ಬೀದಿಮಾತು ಕನ್ನಡ. ಅಣ್ಣತಮ್ಮ ಜಗಳವಾಡುವುದು ಕನ್ನಡದಲ್ಲಿ, ಅದನ್ನು ಕೇಳಿ ಅವ್ವ ಇಬ್ಬರಿಗೂ ಬೈಯುವುದು ತೆಲುಗಿನಲ್ಲಿ. ಹೀಗೆ ಎರಡು ಭಾಷೆಗೂ ನಮ್ಮ ಮನೆಯಲ್ಲಿ ಕೈತುಂಬ ಕೆಲಸವಿದೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟವನು, ಇನ್ನೂ ಮೇಲೆತ್ತಿಲ್ಲ. ತಿಪ್ಪೇಶ ಡಿಪ್ಲೊಮಾ ಓದಿದ. ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನ ಆಫೀಸಿನಲ್ಲಿ ಕೆಲಸ ಮಾಡುತ್ತಾನೆ, ಅಲ್ಲೇ ಒಂದು ಬಾಡಿಗೆ ಮನೆ ಮಾಡಿಕೊಂಡಿದ್ದಾನೆ. ಬ್ಯಾಂಕಿನಲ್ಲಿ ಮಾತಾಡುವುದಾಗಲಿ, ಇಂಗ್ಲಿಷಿನಲ್ಲಿ ಬಂದ ಮೆಸೇಜು ಓದುವುದಾಗಲಿ, ನೆಂಟರ ಮುಂದೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂರುವುದಾಗಲಿ, ಎಲ್ಲದರಲ್ಲೂ ಅವನೇ ಮುಂದು. ಇದಕ್ಕೆ ನಾನು ಒಂದು ದಿನವೂ ಹೊಟ್ಟೆಕಿಚ್ಚು ಪಟ್ಟವನಲ್ಲ ಎಂದು ಬೀದಿಯಲ್ಲಿ ಹೆಸರಿದೆ. ಹೆಸರು ಬೀದಿಯವರು ಕೊಟ್ಟದ್ದು, ಹೊಟ್ಟೆ ನನ್ನದು.

ತಿಪ್ಪೇಶನ ಕಂಪ್ಯೂಟರನ್ನು, ಅವನ ಬಾಯಲ್ಲಿ ಪಿ.ಸಿ.ಯನ್ನು, ನೀವು ನೋಡಬೇಕು. ಅದನ್ನು ಅವನು ಅಂಗಡಿಯಿಂದ ಒಟ್ಟಿಗೆ ಹೊತ್ತು ತಂದದ್ದಲ್ಲ. ಯುಗಾದಿಗೆ ಪೆಟ್ಟಿಗೆ, ಗೌರಿ ಹಬ್ಬಕ್ಕೆ ಬೋರ್ಡು, ದೀಪಾವಳಿಗೆ ಗ್ರಾಫಿಕ್ಸ್ ಕಾರ್ಡು, ಹೀಗೆ ಹಬ್ಬಕ್ಕೊಂದು ಭಾಗ ತಂದು, ತಾನೇ ಸ್ಕ್ರೂ ತಿರುಗಿಸಿ ಜೋಡಿಸಿದ್ದು. ಬೇರೆಯವರು ಹಬ್ಬಕ್ಕೆ ಹೊಸ ಬಟ್ಟೆ ಹಾಕಿದರೆ ಅವನು ಹಳೇ ಅಂಗಿಯಲ್ಲೇ ನಿಂತು ಪಿ.ಸಿ.ಗೆ ಉಡುಗೊರೆ ಮಾಡುತ್ತಿದ್ದ. ಚಳ್ಳಕೆರೆಯ ಬಿಸಿಲು ನಿಮಗೆ ಗೊತ್ತಿರಬಹುದು. ಆ ಬಿಸಿಲಿಗೆ ಅವನ ಮನೆಯಲ್ಲಿ ಮನುಷ್ಯರಿಗೆ ಇರುವುದು ಒಂದೇ ಫ್ಯಾನು, ಪಿ.ಸಿ.ಯ ಹೊಟ್ಟೆಯೊಳಗೆ ಅರ್ಧ ಡಜನ್. ಪೆಟ್ಟಿಗೆಯ ಒಂದು ಬದಿ ಪೂರ್ತಿ ಗಾಜು. ಒಳಗೆ ಕೆಂಪು, ಹಸಿರು, ನೀಲಿ ದೀಪಗಳು ಓಡಾಡುತ್ತಿರುತ್ತವೆ. ಒಮ್ಮೆ ಅವನಿಗೆ ಹೆಣ್ಣು ಕೊಡುವ ಮಾತಾಡಲು ಬಂದ ಹಿರಿಯರೊಬ್ಬರು ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು, ಆ ಮೂಲೆಗೆ ತಿರುಗಿ ಕೈಮುಗಿದುಬಿಟ್ಟರು. ಆಮೇಲೆ ಅದು ಆಟವಾಡುವ ಯಂತ್ರ ಎಂದು ತಿಳಿದಾಗ ಅವರ ಮುಖ ಸಣ್ಣದಾಯಿತು. ಆ ಸಂಬಂಧ ಅಲ್ಲಿಗೇ ನಿಂತಿತು. ತಿಪ್ಪೇಶ ಮಾತ್ರ, "ಗ್ರಾಫಿಕ್ಸ್ ಕಾರ್ಡಿಗೆ ಕೈ ಮುಗಿದೋರ ಮನೆ ಹೆಣ್ಣಣ್ಣ, ಒಳ್ಳೆ ಮನೆತನ, ತಪ್ಪಿಹೋತು" ಎಂದು ಬಹಳ ದಿನ ಕೊರಗಿದ.

ನನ್ನದು ಗೇಮ್ ಡಬ್ಬ. ಚಳ್ಳಕೆರೆಯಲ್ಲಿ ಯಾರೋ ಹೊಸದು ತಗೊಂಡು ಹಳೆಯದನ್ನು ಮಾರುತ್ತಿದ್ದರು, ನಾನು ತಂದೆ. ತಿಪ್ಪೇಶನಿಗೆ ಆ ದಿನ ತನ್ನ ಮನೆತನಕ್ಕೇ ಕಳಂಕ ಬಂದಂತಾಯಿತು. "ಅಣ್ಣ, ಅದು ಮಕ್ಕಳ ಆಟದ ಸಾಮಾನು. ಜಾಯ್‌ಸ್ಟಿಕ್ ಹಿಡಿದು ಗುರಿ ಇಡೋದು ಅಂದ್ರೆ ಬೆಣ್ಣೆ ಹಚ್ಚಿದ ಕೈಲಿ ಸೂಜಿಗೆ ದಾರ ಪೋಣಿಸಿದಂಗೆ. ಮೌಸ್ ಅಂದ್ರೆ ಮೌಸು!" ಎಂದ. ನಾನೂ ಬಿಡಲಿಲ್ಲ. "ಲೇ ತಿಪ್ಪೇಶ, ನಿಂದು ಆಟಕ್ಕಿಂತ ಪೂಜೆ ಜಾಸ್ತಿ ಕಣಲೇ. ಒಂದು ಸಲ ಅಪ್‌ಡೇಟ್ ಅಂತೀಯ, ಒಂದು ಸಲ ಡ್ರೈವರ್ ಅಂತೀಯ, ಒಂದು ಸಲ ಬಿಸಿ ಆಯ್ತು ಅಂತೀಯ. ನಂದು ಗುಂಡಿ ಒತ್ತು, ಆಡು, ಆಫ್ ಮಾಡು, ಉಣ್ಣು" ಎಂದೆ. ಅವನು ಚಿತ್ರದ ನಯ ಎಂದರೆ ನಾನು ಟಿ.ವಿ.ಯ ಅಗಲ ಎಂದೆ. ಅವನು ಬೇಕಾದ ಭಾಗ ಬದಲಿಸಬಹುದು ಎಂದರೆ, ಬದಲಿಸುವ ಕರ್ಮವೇ ನಮಗಿಲ್ಲ ಎಂದೆ. ಇಂಥ ವಾದಗಳ ಒಂದು ಗುಣವೇನೆಂದರೆ ಯಾರೂ ಸೋಲುವುದಿಲ್ಲ. ಸೋಲು ಶುರುವಾದದ್ದು ನಾವು ವಾದ ಬಿಟ್ಟು ಆಡಲು ಕೂತಾಗ.

ಈಗಿನ ಕೆಲವು ಆಟಗಳಲ್ಲಿ ಪಿ.ಸಿ.ಯವರೂ ಡಬ್ಬದವರೂ ಒಂದೇ ಕಣಕ್ಕೆ ಇಳಿಯಬಹುದು. ಇಂಟರ್‌ನೆಟ್ ಇದ್ದರೆ ಸಾಕು; ಅವನು ಚಳ್ಳಕೆರೆಯಲ್ಲಿ, ನಾನು ಮೊಳಕಾಲ್ಮೂರಿನಲ್ಲಿ. ಭಾನುವಾರ ಮಧ್ಯಾಹ್ನದ ಊಟವಾದ ಮೇಲೆ ಫೋನನ್ನು ಸ್ಪೀಕರಿಗೆ ಹಾಕಿಟ್ಟುಕೊಂಡು, ಮನೆಯ ಸುದ್ದಿ ಮಾತಾಡುತ್ತಲೇ ಒಬ್ಬರನ್ನೊಬ್ಬರು ಹುಡುಕಿ ಗುಂಡು ಹಾರಿಸುವುದು ನಮ್ಮ ಪದ್ಧತಿ. "ಅವ್ವಗೆ ಮಂಡಿನೋವು ಕಡಿಮೆ ಆಯ್ತಾ?" ಢಂ. "ಮಾತ್ರೆ ತಗೊಂಡವ್ಳೆ, ಪರವಾಗಿಲ್ಲ." ಢಂ ಢಂ. ಕೆಲಸ ಹಿಡಿದ ಮೇಲೆ ತಿಪ್ಪೇಶ ಊರಿಗೆ ಬರುವುದು ಕಡಿಮೆಯಾಗಿತ್ತು. ನಿಜ ಹೇಳಬೇಕೆಂದರೆ ನಾವಿಬ್ಬರೂ ಸಮಾಧಾನವಾಗಿ ಮಾತಾಡುತ್ತಿದ್ದದ್ದು ಈ ಗುಂಡಿನ ಸದ್ದಿನ ನಡುವೆಯೇ. ಅವ್ವ ಪಕ್ಕದಲ್ಲಿ ಕೂತು ರಾಟೆಯಲ್ಲಿ ನೂಲು ಸುತ್ತುತ್ತಾ ಇದನ್ನು ನೋಡಿ ಹಣೆ ಚಚ್ಚಿಕೊಂಡು, ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದಳು. "ಏಮಿ ಖರ್ಮರಾ ಇದಿ! ಆಸ್ತಿ ಇರೋರು ಹೊಡೆದಾಡ್ತಾರೆ, ಒಂದು ಲೆಕ್ಕ. ನೀವು ಏನೈತೆ ಅಂತ ಗುಂಡು ಹೊಡ್ಕೊಳ್ತೀರಲೇ?"

ಮೊದಮೊದಲು ಎಲ್ಲ ವಾರವೂ ನಾನೇ ಸಾಯುತ್ತಿದ್ದೆ. ಅವನ ಸಿಪಾಯಿ ಎಲ್ಲಿಂದ ಬಂದ ಎಂದು ಕತ್ತು ತಿರುಗಿಸುವಷ್ಟರಲ್ಲಿ ನನ್ನ ಸಿಪಾಯಿ ಮಲಗಿರುತ್ತಿದ್ದ. ಜಾಯ್‌ಸ್ಟಿಕ್ಕಿನ ಗುರಿ ಒಂದು ಕಡೆ ನಿಲ್ಲುವುದಿಲ್ಲ. ಅವನನ್ನು ಹಿಡಿಯಲು ಹೋದರೆ ಅವನ ಹಿಂದಿನ ಮರ, ಮರ ಬಿಟ್ಟರೆ ಆಕಾಶ. ಒಂದು ಸೋಮವಾರ ಬೇಸರದಿಂದ ಡಬ್ಬದ ಸೆಟ್ಟಿಂಗ್ಸಿನೊಳಗೆ ಹೋಗಿ, ಓದಲು ಬಂದಷ್ಟು ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ನೋಡುತ್ತಿದ್ದಾಗ 'ಏಮ್ ಅಸಿಸ್ಟ್' ಎಂಬುದೊಂದು ಸಿಕ್ಕಿತು. ಹಿಂದೆ ಯಾವಾಗಲೋ ಕಂಡಕಂಡದ್ದನ್ನು ಒತ್ತುವಾಗ ನಾನೇ ಅದನ್ನು ಆಫ್ ಮಾಡಿದ್ದೆನೆಂದು ಕಾಣುತ್ತದೆ. ಆನ್ ಮಾಡಿದೆ. ಏನು ಹೇಳಲಿ! ಗುರಿಯ ಗೆರೆ ಶತ್ರುವಿನ ಹತ್ತಿರ ಬಂದರೆ ಸಾಕು, ಹುಲ್ಲಿನ ಮೆದೆ ಕಂಡ ಎಮ್ಮೆಯ ಹಾಗೆ ತಾನೇ ಆ ಕಡೆ ವಾಲಿ ನಿಂತುಬಿಡುತ್ತದೆ. ಗುಂಡಿ ಒತ್ತುವುದಷ್ಟೇ ನನ್ನ ಕೆಲಸ.

ಇದು ಮೋಸ ಎಂದು ನನಗೆ ಆಗ ಹೊಳೆಯಲಿಲ್ಲ. ದೇವರಾಣೆ ಹೊಳೆಯಲಿಲ್ಲ. ಯಾಕೆಂದರೆ ನಮ್ಮ ಕಸುಬೇ ಅಂಥದ್ದು. ಸೀರೆಯ ಒಡಲಿಗೂ ಅಂಚಿಗೂ ಬೇರೆ ಬೇರೆ ಬಣ್ಣವಿದ್ದರೆ ಅಡ್ಡನೂಲು ಒಯ್ಯುವ ಲಾಳಿ ಮೂರು ಬೇಕು, ಒಬ್ಬನ ಕೈಯಲ್ಲಿ ಅದು ಆಗುವುದಿಲ್ಲ. ಮಗ್ಗದ ಇನ್ನೊಂದು ತುದಿಯಲ್ಲಿ ಒಬ್ಬರು ಕೂತು ಅಂಚಿನ ಲಾಳಿಯನ್ನು ಎಸೆದು ಕೊಡುತ್ತಾ ಇರಬೇಕು. ನನಗೆ ಹಾಗೆ ಕೂರುವವಳು ನನ್ನ ಹೆಂಡತಿ ರತ್ನ. ಸೀರೆ ಮುಗಿದ ಮೇಲೆ ನೇಯ್ದವರು ಯಾರು ಎಂದರೆ ನನ್ನ ಹೆಸರನ್ನೇ ಹೇಳುತ್ತಾರೆ, ನಾನೂ ಹೌದೆಂದು ತಲೆ ಆಡಿಸುತ್ತೇನೆ. ಇಪ್ಪತ್ತು ವರ್ಷದಿಂದ ಹೀಗೇ ನಡೆದಿದೆ, ಯಾರೂ ಇದನ್ನು ಮೋಸ ಎಂದಿಲ್ಲ. ಡಬ್ಬದೊಳಗೆ ಕೂತ ಯಾರೋ ಒಬ್ಬ ಪುಣ್ಯಾತ್ಮ ನನಗೆ ಆಚೆ ಕಡೆಯಿಂದ ಲಾಳಿ ಎಸೆಯುತ್ತಿದ್ದಾನೆ ಎಂದುಕೊಂಡೆ. ಆ ಭಾನುವಾರ ಜೀವನದಲ್ಲಿ ಮೊದಲ ಸಲ ತಿಪ್ಪೇಶನ ಸಿಪಾಯಿ ಕೆಳಗೆ ಬಿದ್ದ.

ಆಮೇಲೆ ಅವನು ಕೇಳಿದ. "ಅಣ್ಣ, ಡಬ್ಬದೋರಿಗೆ ಏಮ್ ಅಸಿಸ್ಟ್ ಅಂತ ಒಂದು ಐತೆ. ಗುರಿ ತಾನೇ ಹಿಡಿಯುತ್ತೆ. ನಮ್ಮ ಮೌಸಿಗೆ ಅದಿಲ್ಲ. ಅದನ್ನ ಇಟ್ಕೊಂಡು ಗೆದ್ದೋರನ್ನ ನಾವು ಪಿ.ಸಿ.ಯೋರು ಮನುಷ್ಯರಲ್ಲಿ ಸೇರಿಸಲ್ಲ. ನಿಂದು ಆಫ್ ಐತಲ್ಲ?" ಈಗ ನೋಡಿ, 'ಆನ್ ಐತೆ ಕಣಲೇ' ಎಂದರೆ ಮುಗಿದುಹೋಗುತ್ತಿತ್ತು. ನಾನು ಆಗ ತಾನೇ ಗೆದ್ದಿದ್ದೆ. ಗೆಲುವು ಇನ್ನೂ ಬಾಯಲ್ಲಿ ಕರಗಿರಲಿಲ್ಲ. "ಅದೆಲ್ಲ ಯಾವತ್ತೋ ಆಫ್ ಮಾಡೀನಿ ಬಿಡಪ್ಪ" ಎಂದುಬಿಟ್ಟೆ. "ಬಿಡಪ್ಪ" ಎಂಬ ಮಾತನ್ನು ಯಾಕೆ ಸೇರಿಸಿದೆನೋ ತಿಳಿಯದು. ಸುಳ್ಳಿಗೆ ಒಂದು ಸೆರಗು ಇರಲಿ ಎಂದು ಕಾಣುತ್ತದೆ.

ಅಲ್ಲಿಂದ ವಾರ ವಾರವೂ ಅವನು ಸೋತ. ನಾನು ಎರಡು ಮೂರು ಸಲ ಅದನ್ನು ನಿಜವಾಗಿಯೂ ಆಫ್ ಮಾಡಿದೆ. ಮಾಡಿ, ಗುರುತಿಲ್ಲದವರ ಜೊತೆ ಆಡಿ ನೋಡಿದೆ. ಅವರು ನನ್ನನ್ನು ನೊಣ ಹೊಡೆದ ಹಾಗೆ ಹೊಡೆದರು. ಮತ್ತೆ ಆನ್ ಮಾಡಿದೆ. ಅತ್ತ ತಿಪ್ಪೇಶ ತನ್ನ ತಪ್ಪು ಹುಡುಕಲು ಹೊರಟ. ಮೊದಲು ಮೌಸು ಬದಲಿಸಿದ. ಸೋತ. ಇಂಟರ್‌ನೆಟ್ಟಿನವರನ್ನು ಕರೆಸಿ ತಂತಿ ಬದಲಿಸಿದ. ಸೋತ. ಕುರ್ಚಿ ಎತ್ತರ ಮಾಡಿಕೊಂಡ, ತಗ್ಗು ಮಾಡಿಕೊಂಡ. ಕೊನೆಗೆ ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಹಾಕಿಸಿಕೊಂಡ. ಅವನು ಕನ್ನಡಕದ ಫೋಟೋ ಕಳಿಸಿದ ದಿನ ನನಗೆ ಊಟ ಸೇರಲಿಲ್ಲ. ಅವ್ವ ಫೋಟೋ ನೋಡಿ, "ಕಲೆಕ್ಟರ್ ಇದ್ದಂಗವ್ನೆ" ಎಂದು ದೃಷ್ಟಿ ತೆಗೆದಳು.

ರತ್ನ ಅಷ್ಟರಲ್ಲಿ ನನ್ನನ್ನು ಹಿಡಿದಿದ್ದಳು. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತವಳು ಟಿ.ವಿ. ನೋಡುವುದು ಬಿಟ್ಟು ನನ್ನ ಕೈ ನೋಡುತ್ತಿದ್ದಳು. "ರೀ, ನಿಮ್ಮ ಹೆಬ್ಬೆಟ್ಟು ಸುಮ್ನೆ ಐತೆ, ಬಂದೂಕು ತಾನೇ ತಿರುಗ್ತಾ ಐತಲ್ಲ?" ಎಂದಳು. ವಿಷಯ ಹೇಳಿದೆ. ಮಗ್ಗದ ಉದಾಹರಣೆಯನ್ನೂ ಕೊಟ್ಟೆ. ಕೊಡಬಾರದಿತ್ತು. "ಹಂಗಾದ್ರೆ ನಾನು ನಿಮ್ಮ ಅಸಿಸ್ಟು. ಸೀರೇಲೂ ನನ್ನ ಹೆಸರು ಹೇಳಲ್ಲ, ಇಲ್ಲಿ ಡಬ್ಬದ ಹೆಸರೂ ಹೇಳಲ್ಲ. ಒಟ್ನಲ್ಲಿ ನಿಮಗೆ ಒಬ್ರೇ ಗೆಲ್ಲಬೇಕು" ಎಂದು ಅವರೆಕಾಯಿ ಸಿಪ್ಪೆ ಕೊಡವಿದಳು. "ಆ ಹುಡುಗನಿಗೆ ಹೇಳ್ರಿ. ಚೆಂದಾಗಿರೋ ಕಣ್ಣಿಗೆ ಕನ್ನಡಕ ಹಾಕ್ಸಿದ್ರಲ್ಲ." ಹೇಳುತ್ತೇನೆ ಎಂದೆ. ಶ್ರಾವಣ ಕಳೆಯಲಿ ಎಂದೆ, ಮಗ್ಗದ ಮೇಲಿರುವ ಸೀರೆ ಮುಗಿದು ಇಳಿಯಲಿ ಎಂದೆ. ಆ ಸೀರೆ ಇಳಿಯಿತು, ಇನ್ನೊಂದು ಏರಿತು.

ಹೀಗಿರುವಾಗ ತಿಪ್ಪೇಶ ಒಂದು ಭಾನುವಾರ ಆಟಕ್ಕೆ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ನಾನೇ ಫೋನ್ ಮಾಡಿದೆ. "ಅಣ್ಣ, ನೀನು ಹೇಳ್ತಿದ್ದದ್ದೇ ಸರಿ" ಎಂದ. ಚಳ್ಳಕೆರೆಗೂ ಮೊಳಕಾಲ್ಮೂರಿಗೂ ನಡುವೆ ಇಷ್ಟು ವರ್ಷದಲ್ಲಿ ಓಡಾಡದ ಮಾತು ಅದು. "ಪಿ.ಸಿ. ದೊಡ್ಡದಲ್ಲ, ಆಡೋ ಕೈ ದೊಡ್ಡದು. ನನ್ನ ಕೈ ಹೋಗೇತೆ. ಅದನ್ನ ನೋಡಿದ್ರೇನೇ ಬ್ಯಾಸರ ಆಗ್ತೈತೆ. ಜೆರಾಕ್ಸ್ ಅಂಗಡಿಯೋರು ಒಬ್ರು ಕೇಳ್ತಾವ್ರೆ, ಭಾನುವಾರ ಬಂದು ಒಯ್ತಾರೆ." ಫೋನ್ ಇಟ್ಟ. ಹಬ್ಬ ಹಬ್ಬಕ್ಕೂ ಹಳೇ ಅಂಗಿ ಹಾಕಿಕೊಂಡು ಕಟ್ಟಿದ ಆ ಪೆಟ್ಟಿಗೆ ಆಧಾರ್ ಕಾರ್ಡು ತಿದ್ದುವ, ಪಹಣಿ ಪ್ರಿಂಟ್ ತೆಗೆಯುವ ಕೆಲಸಕ್ಕೆ ಹೋಗುತ್ತದೆ, ಅದರ ಜೊತೆಗೆ ನಮ್ಮ ಭಾನುವಾರವೂ ಹೋಗುತ್ತದೆ ಎಂಬುದು ನನಗೆ ಆಗ ಹೊಳೆಯಿತು.

ಭಾನುವಾರ ಬೆಳಿಗ್ಗೆ ಡಬ್ಬವನ್ನು ಸೀರೆ ಒಯ್ಯುವ ಬಟ್ಟೆಯಲ್ಲೇ ಗಂಟು ಕಟ್ಟಿ ಬಸ್ಸು ಹತ್ತಿದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಹೊರಟಾಗ ಅದು ಗಟ್ಟಿಯಾಗಿಯೇ ಇತ್ತು: 'ತಿಪ್ಪೇಶ, ನಾನು ಮೋಸ ಮಾಡಿದೆ.' ಕೊಂಡ್ಲಹಳ್ಳಿ ದಾಟುವಾಗ, 'ತಿಪ್ಪೇಶ, ಒಂದು ಸಣ್ಣ ತಪ್ಪಾಗಿದೆ' ಎಂದಾಯಿತು. ಬಿ.ಜಿ. ಕೆರೆಯಲ್ಲಿ ಬಸ್ಸು ನಿಂತಾಗ ಕಿಟಕಿಯಲ್ಲಿ ಕಡಲೆಕಾಯಿ ತಗೊಂಡು ತಿಂದೆ. ತಿನ್ನುತ್ತಾ ತಿನ್ನುತ್ತಾ ಅದು, 'ಡಬ್ಬದಲ್ಲಿ ಏನೋ ಗೊತ್ತಿಲ್ಲದೆ ಆನ್ ಆಗಿತ್ತು' ಎಂಬಲ್ಲಿಗೆ ಬಂತು. ಚಳ್ಳಕೆರೆ ಸಮೀಪಿಸಿ ಎಣ್ಣೆ ಮಿಲ್ಲುಗಳ ಹಿಂಡಿಯ ವಾಸನೆ ಬರುವ ಹೊತ್ತಿಗೆ ಎಲ್ಲ ತಪ್ಪೂ ಡಬ್ಬ ತಯಾರಿಸಿದವರದ್ದಾಗಿ, ನಾನೂ ತಿಪ್ಪೇಶನೂ ಇಬ್ಬರೂ ಮೋಸಹೋದವರಾಗಿದ್ದೆವು. ಬಸ್ಸು ಇನ್ನೂ ಸ್ವಲ್ಪ ದೂರ ಹೋಗಿದ್ದರೆ ಅವನೇ ನನ್ನ ಕ್ಷಮೆ ಕೇಳಬೇಕಾಗುತ್ತಿತ್ತೇನೋ.

ಆದರೆ ಬಾಗಿಲಲ್ಲಿ ಕನ್ನಡಕ ಹಾಕಿಕೊಂಡು ನಿಂತ ಅವನನ್ನು ನೋಡಿದ ತಕ್ಷಣ ಮೊದಲಿನ ಮಾತೇ ಬಾಯಿಗೆ ಬಂತು. "ತಿಪ್ಪೇಶ, ನಾನು ಮೋಸ ಮಾಡೀನಿ ಕಣೋ. ಏಮ್ ಅಸಿಸ್ಟ್ ಆನ್ ಇತ್ತು. ನಾನು ಗೆದ್ದ ದಿನದಿಂದ್ಲೂ ಆನ್ ಇತ್ತು. ಪಿ.ಸಿ. ಮಾರಬ್ಯಾಡ." ಪಿ.ಸಿ.ಯಿಂದ ಬಿಚ್ಚಿದ ತಂತಿಯ ಸುರುಳಿ ಹಿಡಿದೇ ಬಾಗಿಲಿಗೆ ಬಂದಿದ್ದವನು ಹೊಸ್ತಿಲ ಮೇಲೇ ಕೂತುಬಿಟ್ಟ. ಬೈಯುತ್ತಾನೆ ಎಂದು ಕಾದೆ. "ಅಣ್ಣ, ಇದನ್ನ ಹೇಳೋಕೆ ಬಸ್ಸಲ್ಲಿ ಬಂದ್ಯಾ?" ಎಂದ. "ಹೂಂ." "ಅತ್ತಿಗೆ ಹೇಳಿ ಕಳಿಸಿದ್ಲಾ?" "ಅವ್ಳೂ ಹೇಳಿದ್ಲು." "ಬಿಡಣ್ಣ" ಎಂದು ನಕ್ಕ, "ನನಗೆ ಬ್ಯಾಸರ ಆಗಬಾರ್ದು ಅಂತ ಹಿಂಗೆಲ್ಲ ಸುಳ್ಳು ಹೇಳಬ್ಯಾಡ."

ನಾನು ಗಂಟು ಬಿಚ್ಚಿ ಡಬ್ಬವನ್ನು ಅವನ ಟಿ.ವಿ.ಗೆ ಸಿಕ್ಕಿಸಿ ತೋರಿಸಿದೆ. "ನೋಡು, ಆನ್ ಐತೆ." "ಬೆಳಿಗ್ಗೆ ಆನ್ ಮಾಡ್ಕೊಂಡು ಬಂದಿರ್ತೀಯ." "ಅವ್ವನ ಆಣೆ ಕಣೋ!" "ಅವ್ವನ ಆಣೆ ಬ್ಯಾರೆ ಇಡ್ತೀಯಾ ನನಗೋಸ್ಕರ!" ಎಂದು ಅವನು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ಇನ್ನು ಉಳಿದದ್ದು ಒಂದೇ ದಾರಿ. ಅವನ ಕೈಯಿಂದಲೇ ಆಫ್ ಮಾಡಿಸಿದೆ, ಪಿ.ಸಿ.ಗೆ ಮತ್ತೆ ತಂತಿ ಹಾಕಿಸಿದೆ, ಆಡಲು ಕೂತೆವು. ನನ್ನ ಸಿಪಾಯಿ ಎಂಥ ಪರಾಕ್ರಮ ತೋರಿಸಿದ ಎಂದರೆ, ಮೊದಲು ಆಕಾಶಕ್ಕೆ ಹೊಡೆದ, ಆಮೇಲೆ ಮರಕ್ಕೆ ಹೊಡೆದ, ಆಮೇಲೆ ಒಂದು ಗೋಡೆಗೆ ಮುಖ ಕೊಟ್ಟು ನಿಂತು ಅದರಿಂದ ಹೊರಗೆ ಬರಲಾರದೆ ಸತ್ತ. ಎರಡನೇ ಆಟದಲ್ಲಿ ಸೇತುವೆಯ ಮೇಲಿಂದ ತಾನೇ ಬಿದ್ದು ಸತ್ತ. "ಈಗ ನಂಬಿದ್ಯಾ?" ಎಂದೆ. ತಿಪ್ಪೇಶ ಮೌಸು ಕೆಳಗಿಟ್ಟ. "ಇಷ್ಟು ಕೆಟ್ಟದಾಗಿ ಭೂಮಿ ಮ್ಯಾಲೆ ಯಾರೂ ಆಡಕ್ಕಾಗಲ್ಲ ಅಣ್ಣ. ಇದು ಬೇಕಂತ ಆಡೋದು. ಸಣ್ಣೋರಿದ್ದಾಗ ಗೋಲಿ ಆಡುವಾಗ್ಲೂ ನೀನು ಹಿಂಗೇ ಸೋತು ನನ್ನ ಗೆಲ್ಲಿಸ್ತಿದ್ದೆ, ನನಗೆ ಗೊತ್ತಿಲ್ಲ ಅನ್ಕೊಂಡಿದ್ದೀಯಾ?" ಎಂದ. ಗೋಲಿ ಆಟದಲ್ಲಿ ನಾನು ಒಂದು ಸಲವೂ ಬೇಕೆಂದು ಸೋತವನಲ್ಲ. ಹಲ್ಲು ಕಚ್ಚಿ ಆಡಿ, ಗೋಲಿಯನ್ನೆಲ್ಲ ಕಳೆದುಕೊಂಡು, ಸಂದಿಯಲ್ಲಿ ನಿಂತು ಅತ್ತವನು. ಅದನ್ನು ಈಗ ಹೇಳಿದರೆ ಅದನ್ನೂ ನನ್ನ ದೊಡ್ಡತನದ ಖಾತೆಗೇ ಹಾಕಿಕೊಳ್ಳುತ್ತಾನೆ.

ಅಷ್ಟರಲ್ಲಿ ಜೆರಾಕ್ಸ್ ಅಂಗಡಿಯವರು ಆಟೋ ತಂದು ಬಾಗಿಲಲ್ಲಿ ನಿಂತರು. ತಿಪ್ಪೇಶ ಎದ್ದು ಹೋಗಿ, "ಬ್ಯಾಸರ ಮಾಡ್ಕೋಬ್ಯಾಡ್ರಿ ಸಾರ್. ನಮ್ಮಣ್ಣ ಇಷ್ಟು ದೂರದಿಂದ ಬಂದು ನನಗೋಸ್ಕರ ಮಾನ ಬಿಟ್ಟು ಸೋಲ್ತಾ ಅವ್ನೆ. ಈಗ ಮಾರಿದ್ರೆ ನಾನು ಮನುಷ್ಯನಲ್ಲ" ಎಂದು ಅವರನ್ನು ಕಳಿಸಿಕೊಟ್ಟ. ಅವರು ಹೋಗುವಾಗ ನನ್ನ ಕಡೆ ನೋಡಿದ ನೋಟದಲ್ಲಿ ಗೌರವಕ್ಕಿಂತ ಆಟೋ ಬಾಡಿಗೆಯ ಯೋಚನೆಯೇ ಹೆಚ್ಚಿದ್ದಂತಿತ್ತು. ಪಿ.ಸಿ. ಉಳಿಯಿತು. ನಾನು ಬಂದ ಕೆಲಸವೂ ಆಯಿತು. ಊಟ ಹಾಕಿ, ಬಸ್‌ಸ್ಟ್ಯಾಂಡಿಗೆ ಬಿಡಲು ಬಂದ ತಿಪ್ಪೇಶ ನನ್ನ ಗಂಟನ್ನು ತಾನೇ ಹೊತ್ತುಕೊಂಡಿದ್ದ. "ಅಣ್ಣ, ಒಂದು ಮಾತು. ಇನ್ಮೇಲೆ ನನ್ನ ಮ್ಯಾಲೆ ಕರುಣೆ ಬ್ಯಾಡ. ಭಾನುವಾರ ನಿನ್ನ ಪೂರ್ತಿ ಆಟ ಆಡು. ಸೋತ್ರೂ ಪರವಾಗಿಲ್ಲ, ನಿನ್ನಂಥೋನ ಕೈಲಿ ಸೋಲ್ಬೇಕು. ನೀನು ಬೇಕಂತ ಸೋತಿದ್ದು ಗೊತ್ತಾದ್ರೆ ಮಾತ್ರ ನಾನು ಮಾತು ಬಿಡ್ತೀನಿ" ಎಂದ. ಇನ್ನೊಂದು ಸಲ ನಿಜ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಸ್ಸು ಬಂತು. ಅದರ ಹಿಂದೆಯೇ ಇನ್ನೊಂದು ಬಸ್ಸೂ ಇತ್ತು, ಅದನ್ನು ನಾನು ನೋಡಿದ್ದೆ. ಆದರೂ ಮೊದಲನೆಯದಕ್ಕೇ ಹತ್ತಿದೆ.

ಮನೆಗೆ ಬಂದಾಗ ರತ್ನ, "ಹೇಳಿದ್ರಾ?" ಎಂದಳು. ಹೇಳಿದೆ ಎಂದೆ. "ಏನಂದ?" "ನಾನು ದೇವರಂಥೋನು ಅಂದ." ಅವಳು ಹಣೆಗೆ ಕೈ ಹಚ್ಚಿಕೊಂಡು ಒಳಗೆ ಹೋದಳು.

ಈಗ ನನ್ನ ಸಂಕಟ ನೋಡಿ. ಅಸಿಸ್ಟ್ ಆನ್ ಇಟ್ಟು ಗೆದ್ದರೆ ಮೋಸ. ಆಫ್ ಇಟ್ಟು ಸೋತರೆ ಬೇಕೆಂದು ಸೋತೆ ಎಂದು ಅವನು ಮಾತು ಬಿಡುತ್ತಾನೆ. ಉಳಿದ ದಾರಿ ಒಂದೇ, ಅವನು ನಂಬಿರುವಷ್ಟು ದೊಡ್ಡ ಆಟಗಾರ ನಾನು ನಿಜವಾಗಿಯೂ ಆಗಿಬಿಡುವುದು. ಅದಕ್ಕೇ ಮಗ್ಗದಿಂದ ಎದ್ದಾಗಲೆಲ್ಲ, ಅಸಿಸ್ಟ್ ಆಫ್ ಮಾಡಿಕೊಂಡು ಗುರುತಿಲ್ಲದವರ ಜೊತೆ ಅಭ್ಯಾಸ ಮಾಡುತ್ತಿದ್ದೇನೆ. ಹೆಬ್ಬೆರಳು ಬಾತಿದೆ, ಲಾಳಿ ಹಿಡಿಯುವಾಗ ನೋಯುತ್ತದೆ. ನನಗೆ ಹುಷಾರಿಲ್ಲ ಎಂದು ತಿಪ್ಪೇಶನಿಗೆ ಹೇಳಿ ಈ ಭಾನುವಾರವನ್ನು ತಪ್ಪಿಸಿಕೊಂಡಿದ್ದೇನೆ, ಅದು ಹೊಸ ಸುಳ್ಳು. ಆದರೂ ಅಭ್ಯಾಸ ಹುಸಿಹೋಗಲಿಲ್ಲ. ನಿನ್ನೆ ಯಾವ ನೆರವೂ ಇಲ್ಲದೆ, ನನ್ನ ಸ್ವಂತ ಕೈಯಿಂದ ಒಬ್ಬ ಸಿಪಾಯಿಯನ್ನು ಹೊಡೆದೆ. ಅವನನ್ನು ಆಡಿಸುತ್ತಿದ್ದವನು ಊಟಕ್ಕೋ ಎಲ್ಲಿಗೋ ಎದ್ದು ಹೋಗಿದ್ದನೆಂದು ಕಾಣುತ್ತದೆ, ಸಿಪಾಯಿ ಬಯಲಿನಲ್ಲಿ ಅಲ್ಲಾಡದೆ ನಿಂತಿದ್ದ; ನನ್ನ ಹನ್ನೊಂದನೆಯದೋ ಹನ್ನೆರಡನೆಯದೋ ಗುಂಡಿಗೆ ಬಿದ್ದ. ಹುಷಾರಿಲ್ಲ ಎಂದದ್ದನ್ನೂ ಮರೆತು ತಿಪ್ಪೇಶನಿಗೆ ಕೂಡಲೇ ಫೋನ್ ಮಾಡಿ, ಅಸಿಸ್ಟ್ ಇಲ್ಲದೆ ಒಬ್ಬನನ್ನು ಹೊಡೆದೆ ಎಂದು ಹೇಳಿದೆ. ಆ ಸಿಪಾಯಿ ನಿಂತೇ ಇದ್ದ ಎಂಬುದನ್ನು ಮಾತ್ರ ಹೇಳಲಿಲ್ಲ.